ಜೇನುಪೆಟ್ಟಿಗೆಯೊಳಗೆ ಕೂತ ಕ್ಯಾಮೆರಾ

ನಮ್ಮ ಮನೆ ಗುಡ್ಡೆಯ ಮೇಲಿದೆ. ಕಾರು ಕೆಳಗೆ, ರಸ್ತೆ ಬದಿಯ ಶೆಡ್ಡಿನಲ್ಲಿ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಬರುವಾಗ ಒಳಗೆ ತಿರುಗುವ ಒಂದು ಪಂಚಾಯತು ರಸ್ತೆ ಅದು. ಅಲ್ಲಿಂದ ಮನೆಗೆ ಕೆಂಪುಕಲ್ಲಿನ ಮೆಟ್ಟಿಲು ಹತ್ತಬೇಕು. ಕಾಸರಗೋಡಿನ ಈ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. ಜಗಲಿಯಲ್ಲಿ ಕೂತರೆ ಶೆಡ್ಡಿನ ಶೀಟು ಕಾಣುತ್ತದೆ. ಕಾರು ಕಾಣುವುದಿಲ್ಲ.

2023ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಇಳಿದು ನೋಡಿದರೆ ಕಾರಿನ ಬಲಗಡೆಯ ಕನ್ನಡಿ ಮುರಿದು ನೇತಾಡುತ್ತಿತ್ತು. ಬಾಗಿಲಿನ ಮೇಲೆ ಉದ್ದಕ್ಕೆ ಗೀರು. ಸಂಜೆ ಹೊತ್ತು ಮೋರಿಯ ಮೇಲೆ ಕೂತು ಫೋನು ನೋಡುವ ಮೂರು ನಾಲ್ಕು ಹುಡುಗರಿದ್ದಾರೆ. ನನ್ನ ಅನುಮಾನ ನೇರ ಅವರ ಮೇಲೆ ಹೋಯಿತು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಅವರನ್ನು ಕಂಡರೆ ಮುಖ ಬಿಗಿಯುತ್ತಿತ್ತು. ಮುಂದೆ ಏನಾಯಿತು ಎಂದು ಆಮೇಲೆ ಹೇಳುತ್ತೇನೆ.

ಮೊದಲು ತಂದದ್ದು ಒಂದು ವೈಫೈ ಕ್ಯಾಮೆರಾ. ಶೆಡ್ಡಿನ ಮಾಡಿನ ಕೆಳಗೆ, ಕೈಗೆ ಸಿಗದ ಎತ್ತರದಲ್ಲಿ ಸ್ಕ್ರೂ ಹಾಕಿ ನಿಲ್ಲಿಸಿದೆ. ಎರಡು ವಾರದಲ್ಲಿ ಮೂರು ಸಂಗತಿ ಗೊತ್ತಾಯಿತು. ಮನೆಯ ವೈಫೈ ಕೆಳಗಿನವರೆಗೆ ಸರಿಯಾಗಿ ಬರುವುದಿಲ್ಲ. ನಡುವೆ ಕೆಂಪುಕಲ್ಲಿನ ಗೋಡೆ, ಅದರ ಹಿಂದೆ ಗುಡ್ಡೆಯ ಮಣ್ಣು. ಮಳೆ ಬಂದರೆ ಅದೂ ಇಲ್ಲ. ಎರಡನೆಯದು, ಅಷ್ಟು ಎತ್ತರದಿಂದ ಕಾಣುವುದು ತಲೆಯ ನೆತ್ತಿ ಮತ್ತು ಕೊಡೆ. ಮುಖ ಕಾಣುವುದೇ ಇಲ್ಲ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಡೆಯಿಲ್ಲದೆ ನಡೆಯುವವರು ಯಾರು? ಮೂರನೆಯದು, ಕರೆಂಟು ಹೋಗಿ ಬಂದಾಗ ಕ್ಯಾಮೆರಾದ ಗಡಿಯಾರ 1970ರ ಜನವರಿ 1ಕ್ಕೆ ಹಿಂದೆ ಹೋಗುತ್ತಿತ್ತು. ಇಂಟರ್ನೆಟ್ ಸಿಕ್ಕಿದರೆ ಮಾತ್ರ ಸಮಯ ಸರಿಯಾಗುತ್ತದೆ. ಅಲ್ಲಿ ಇಂಟರ್ನೆಟ್ ಸಿಕ್ಕುವುದೇ ಅಪರೂಪ. ತಾರೀಕು ತಪ್ಪಿದ ವಿಡಿಯೋ ಹಿಡಿದು ಯಾರ ಹತ್ತಿರ ಏನು ಮಾತಾಡುವುದು?

ಹಾಗಾಗಿ ವೈರು ಎಳೆಯಲು ತೀರ್ಮಾನಿಸಿದೆ. ಒಂದೇ ಕೇಬಲ್ಲಿನಲ್ಲಿ ಕರೆಂಟೂ ಚಿತ್ರವೂ ಹೋಗುವ ವ್ಯವಸ್ಥೆಗೆ ಪಿಒಇ ಅನ್ನುತ್ತಾರೆ. ನೂರು ಮೀಟರಿನವರೆಗೆ ತೊಂದರೆಯಿಲ್ಲ. ನಮ್ಮದು ಅಳೆದಾಗ 42 ಮೀಟರ್ ಬಂತು. ಮನೆಯ ಅಟ್ಟದಲ್ಲಿ ರೆಕಾರ್ಡರು, ಪಕ್ಕದಲ್ಲಿ ಪಿಒಇ ಸ್ವಿಚ್ಚು, ಎರಡಕ್ಕೂ ಸಣ್ಣ ಯುಪಿಎಸ್. ಕೇಬಲ್ಲನ್ನು ಪಿವಿಸಿ ಪೈಪಿನೊಳಗೆ ಹಾಕಿ ಮೆಟ್ಟಿಲ ಬದಿಯಲ್ಲಿ ಹೂತೆ. ಮೊದಲು ಅರ್ಧ ಅಡಿ ಆಳ ಸಾಕು ಅಂದುಕೊಂಡಿದ್ದೆ. ಒಂದೇ ರಾತ್ರಿಯಲ್ಲಿ ಹಂದಿಗಳು ಅದನ್ನು ಉತ್ತು ಹಾಕಿದವು. ಆಮೇಲೆ ಒಂದೂವರೆ ಅಡಿ ಅಗೆಸಿ, ಮೇಲೆ ಕಲ್ಲಿನ ಚೂರು ತುಂಬಿಸಿದೆ.

ಕೇಬಲ್ಲಿನ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಅಂಗಡಿಯಲ್ಲಿ ಕಮ್ಮಿ ಬೆಲೆಗೆ ಒಂದು ಕೇಬಲ್ ಸಿಕ್ಕಿತು. ನೋಡಲು ತಾಮ್ರ. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಪೆಟ್ಟಿಗೆಯ ಮೇಲೆ ಸಿಸಿಎ ಎಂದು ಸಣ್ಣದಾಗಿ ಬರೆದಿರುತ್ತದೆ. ಹಗಲೆಲ್ಲ ಕ್ಯಾಮೆರಾ ಚೆನ್ನಾಗಿ ಓಡಿತು. ಕತ್ತಲಾದ ಕೂಡಲೇ ಬಂದ್. ಮತ್ತೆ ಆನ್. ಮತ್ತೆ ಬಂದ್. ಕ್ಯಾಮೆರಾ ಹಾಳಾಗಿದೆ ಎಂದು ನಾಲ್ಕು ದಿನ ತಲೆ ಕೆಡಿಸಿಕೊಂಡೆ. ನಿಜವಾದ ಕಾರಣ ಬೇರೆ. ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು, ಅಂದರೆ ನಮ್ಮ ಕಣ್ಣಿಗೆ ಕಾಣದ ಬೆಳಕಿನ ದೀಪಗಳು, ಹತ್ತುತ್ತವೆ, ಆಗ ಅದು ಜಾಸ್ತಿ ಕರೆಂಟು ಎಳೆಯುತ್ತದೆ. ಅಲ್ಯೂಮಿನಿಯಂ ತಾಮ್ರದಷ್ಟು ಚೆನ್ನಾಗಿ ಕರೆಂಟು ಸಾಗಿಸುವುದಿಲ್ಲ, ಉದ್ದದ ಕೇಬಲ್ಲಿನ ತುದಿಗೆ ವೋಲ್ಟೇಜು ಸಾಲದೆ ಹೋಗುತ್ತದೆ. ಪೂರ್ತಿ ತಾಮ್ರದ ಕ್ಯಾಟ್ 6 ಕೇಬಲ್ ಹಾಕಿದ ಮೇಲೆ ಈ ಕಾಟ ನಿಂತಿತು. ಹೂತ ಪೈಪಿನಿಂದ ಹಳೆಯದನ್ನು ಎಳೆದು ಹೊಸದನ್ನು ತೂರಿಸಲು ಒಂದು ಇಡೀ ಭಾನುವಾರ ಬೇಕಾಯಿತು.

ಆಮೇಲೆ ಸಿಡಿಲು. ಅಕ್ಟೋಬರು ನವೆಂಬರಿನಲ್ಲಿ ಮಧ್ಯಾಹ್ನ ಕಳೆದ ಮೇಲೆ ಬರುವ ಗುಡುಗು ಮಳೆ ನಮ್ಮ ಊರಿನವರಿಗೆ ಗೊತ್ತಿರುವುದೇ. ಎಲ್ಲೋ ಹತ್ತಿರದ ತೆಂಗಿನ ಮರಕ್ಕೆ ಹೊಡೆಯಿತು. ನನ್ನ ಪಿಒಇ ಸ್ವಿಚ್ಚು ಸುಟ್ಟುಹೋಯಿತು. ನೆಲದಲ್ಲಿ ಹೂತ ತಾಮ್ರದ ತಂತಿ ಸಿಡಿಲಿನ ಅಬ್ಬರವನ್ನು ಮನೆಯೊಳಗೇ ತಂದಿತ್ತು. ಈಗ ಕೇಬಲ್ಲಿನ ಎರಡೂ ತುದಿಗೆ, ಸಿಡಿಲಿನ ಹೆಚ್ಚುವರಿ ಕರೆಂಟನ್ನು ನೆಲಕ್ಕೆ ಇಳಿಸುವ ಸರ್ಜ್ ಅರೆಸ್ಟರ್ ಇದೆ, ಎರಡಕ್ಕೂ ಸರಿಯಾದ ಅರ್ಥಿಂಗ್ ಇದೆ. ಆದರೂ ಆಕಾಶ ಕಪ್ಪಾದರೆ ಅಟ್ಟ ಹತ್ತಿ ಕೇಬಲ್ಲು ಕಳಚಿಡುತ್ತೇನೆ. ಹತ್ತಿರ ಹೊಡೆವ ಸಿಡಿಲಿಗೆ ಯಾವ ಅರೆಸ್ಟರನ್ನೂ ಪೂರ್ತಿ ನಂಬುವ ಹಾಗಿಲ್ಲ.

ಇನ್ನು ಎಲ್ಲಿ ಇಡುವುದು, ಹೇಗೆ ಅಡಗಿಸುವುದು. ನಾನು ಜಾಸ್ತಿ ದಿನ ಯೋಚಿಸಿದ್ದು ಇದನ್ನೇ.

ಮೊದಲು ಲೆಕ್ಕ. ಒಬ್ಬರ ಗುರುತು ಹಿಡಿಯಬೇಕಾದರೆ ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕು ಎಂಬ ಅಳತೆ ಈ ಕೆಲಸದವರಲ್ಲಿದೆ. ಮೊದಲೇ ಪರಿಚಯ ಇರುವವರಾದರೆ 125 ಸಾಕು. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಪಿಕ್ಸೆಲ್. ನಾನು ಇಡುವ ಜಾಗದಿಂದ ಕಾರಿಗೆ 7 ಮೀಟರ್. 2.8 ಮಿಲಿಮೀಟರ್ ಲೆನ್ಸು ಹಾಕಿದರೆ ಅಷ್ಟು ದೂರದಲ್ಲಿ ಸುಮಾರು 18 ಮೀಟರ್ ಅಗಲ ಕಾಣುತ್ತದೆ. ಅಂದರೆ ಮೀಟರಿಗೆ 107 ಪಿಕ್ಸೆಲ್ ಮಾತ್ರ. ರಸ್ತೆ, ಮೋರಿ, ಆಚೆ ಮನೆಯ ಗೇಟು ಎಲ್ಲ ಚಂದ ಬರುತ್ತದೆ, ಬೇಕಾದ ಮುಖ ಬರುವುದಿಲ್ಲ. 6 ಮಿಲಿಮೀಟರ್ ಲೆನ್ಸಾದರೆ ಅಗಲ 7 ಮೀಟರಿನಷ್ಟು, ಮೀಟರಿಗೆ 270 ಪಿಕ್ಸೆಲ್. ಕಾರಿನ ಉದ್ದ ಮೂರುವರೆ ಮೀಟರ್. ಹಿಂದೆ ಮುಂದೆ ಒಂದಿಷ್ಟು ಜಾಗವೂ ಸಿಕ್ಕಿತು. ಅಂಗಡಿಯವರು ಸಾಮಾನ್ಯವಾಗಿ 2.8 ಕೊಡುತ್ತಾರೆ. ಎಲ್ಲ ಕಾಣ್ತದೆ ಅನ್ನುತ್ತಾರೆ. ಒಂದು ಕಾರನ್ನು ಕಾಯಲು ಎಲ್ಲವೂ ಕಾಣಬೇಕಾಗಿಲ್ಲ ಅಲ್ವಾ?

ಜಾಗ ಸಿಕ್ಕಿದ್ದು ಶೆಡ್ಡಿನ ಎದುರಿನ ಬರೆಯ, ಅಂದರೆ ಮಣ್ಣಿನ ದಿಬ್ಬದ ಮೇಲೆ. ಅದು ನಮ್ಮದೇ ಜಾಗ. ಅಲ್ಲಿ ಎರಡು ಜೇನುಪೆಟ್ಟಿಗೆ ಮೊದಲೇ ಇದ್ದವು, ತುಡುವೆ ಜೇನು. ಪಕ್ಕಕ್ಕೆ ಮೂರನೆಯದೊಂದು ಹಳೆ ಪೆಟ್ಟಿಗೆ ಇಟ್ಟೆ. ಅದರಲ್ಲಿ ಎರಿ ಇಲ್ಲ, ಚೌಕಟ್ಟುಗಳನ್ನೆಲ್ಲ ತೆಗೆದಿದ್ದೆ. ರಸ್ತೆಯಲ್ಲಿ ನಿಂತವರ ಮುಖದ ಎತ್ತರಕ್ಕೇ ಅದು ಬರುತ್ತದೆ. ಮಾಡಿಗೆ ಹಾಕಿದ ಕ್ಯಾಮೆರಾಕ್ಕೆ ಸಿಗದಿದ್ದದ್ದು ಇಲ್ಲಿ ಸಿಕ್ಕಿತು. ಜೇನುಪೆಟ್ಟಿಗೆಯ ಹತ್ತಿರ ಸುಮ್ನೆ ಯಾರೂ ಬಂದು ಕೈ ಹಾಕುವುದಿಲ್ಲ. ಸ್ಟ್ಯಾಂಡಿನ ಕಾಲುಗಳಿಗೆ ಇರುವೆ ಹತ್ತದ ಹಾಗೆ ನೀರಿನ ತಟ್ಟೆ ಇಡುವ ಕ್ರಮ ನಮ್ಮಲ್ಲಿ ಮೊದಲಿಂದ ಇದೆ. ಕ್ಯಾಮೆರಾಕ್ಕೂ ಅದೇ ರಕ್ಷಣೆ ಆಯಿತು.

ಆದರೆ ಅಡಗಿಸಿದ ಕ್ಯಾಮೆರಾಕ್ಕೆ ಅಡಗಿಸಿದ್ದೇ ಮುಳುವಾಗುತ್ತದೆ. ಪೆಟ್ಟಿಗೆಯ ಮುಂಬದಿಯಲ್ಲಿ ತೂತು ಕೊರೆದು, ಹುಳು ಮಳೆ ಒಳಗೆ ಬರಬಾರದೆಂದು ಗಾಜು ಅಂಟಿಸಿದೆ. ಹಗಲಿನ ಚಿತ್ರ ಕನ್ನಡಿಯ ಹಾಗೆ ಸ್ವಚ್ಛ. ರಾತ್ರಿ ಪೂರ್ತಿ ಬಿಳಿ ಮಂಜು. ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಗಾಜಿಗೆ ಬಡಿದು ವಾಪಸು ಲೆನ್ಸಿನೊಳಗೇ ಬರುತ್ತಿತ್ತು. ಗಾಜು ತೆಗೆದೆ. ಆಗ ತೂತಿನ ಅಂಚು ಹೊಳೆಯಿತು. ಅಂಚಿಗೆ ಕಪ್ಪು ಬಣ್ಣ ಬಳಿದೆ, ಸ್ವಲ್ಪ ಕಮ್ಮಿಯಾಯಿತು. ಅಷ್ಟರಲ್ಲಿ ಜೇಡ ಬಂತು. ದೀಪ ಬೆಚ್ಚಗಿರುತ್ತದೆ, ಹುಳುಗಳೂ ಬರುತ್ತವೆ, ಜೇಡ ಅಲ್ಲೇ ಬಲೆ ಕಟ್ಟುತ್ತದೆ. ಬಲೆಯ ಒಂದೊಂದು ಎಳೆಯೂ ರಾತ್ರಿ ಚಿತ್ರದಲ್ಲಿ ಹಗ್ಗದ ಹಾಗೆ ಕಾಣುತ್ತದೆ. ಗಾಳಿಗೆ ಅದು ಆಡಿದರೆ ಫೋನಿಗೆ ಎಚ್ಚರಿಕೆ. ಒಂದು ರಾತ್ರಿಯಲ್ಲಿ ಎಂಬತ್ತಕ್ಕೂ ಮೇಲೆ ಬಂದವು.

ಕೊನೆಗೆ ಹೊಳೆದದ್ದು, ಕಣ್ಣನ್ನೂ ದೀಪವನ್ನೂ ಬೇರೆ ಮಾಡುವುದು. ಕ್ಯಾಮೆರಾದ ಸ್ವಂತ ದೀಪವನ್ನು ಸೆಟ್ಟಿಂಗಿನಲ್ಲಿ ಆರಿಸಿದೆ. ಬೇರೆ ಒಂದು ಇನ್‌ಫ್ರಾರೆಡ್ ದೀಪ ತಂದು ಶೆಡ್ಡಿನ ಅಡ್ಡಪಟ್ಟಿಯ ಹಿಂದೆ ಕೂರಿಸಿದೆ. ಬೆಳಕಿನ ಅಲೆಯ ಉದ್ದದ ಲೆಕ್ಕದಲ್ಲಿ ಇದರಲ್ಲಿ ಎರಡು ಜಾತಿ. 850 ನ್ಯಾನೋಮೀಟರಿನದ್ದು ದೂರಕ್ಕೆ ಬೆಳಕು ಕೊಡುತ್ತದೆ, ಆದರೆ ಕತ್ತಲಲ್ಲಿ ದೀಪದ ಕಡೆ ನೋಡಿದರೆ ಮಂದ ಕೆಂಪು ಕಾಣುತ್ತದೆ. 940ರದ್ದು ಕಣ್ಣಿಗೆ ಕಾಣುವುದಿಲ್ಲ, ಅದರ ಬೆಳಕಿನ ದೂರ ಕಮ್ಮಿ. ಶೆಡ್ಡಿನ ಅಗಲಕ್ಕೆ 940 ಸಾಕಾಯಿತು. ಇದೊಂದು ಬದಲಾವಣೆಯಿಂದ ತೂತಿನ ಹೊಳಪು ಹೋಯಿತು. ಜೇಡ ದೀಪದ ಕಡೆಗೆ ಹೋಯಿತು, ಲೆನ್ಸು ಬಿಟ್ಟಿತು. ನಂಬರ್ ಪ್ಲೇಟಿನ ಸಮಸ್ಯೆಯೂ ಅರ್ಧ ಕಮ್ಮಿಯಾಯಿತು. ಪ್ಲೇಟು ಬೆಳಕನ್ನು ಬಂದ ಕಡೆಗೇ ತಿರುಗಿಸಿ ಕಳಿಸುತ್ತದೆ. ದೀಪ ಲೆನ್ಸಿನ ಪಕ್ಕದಲ್ಲೇ ಇದ್ದರೆ ಪ್ಲೇಟು ಬರೀ ಬಿಳಿ ಹಲಗೆ. ದೀಪ ಬೇರೆ ಕಡೆ ಇದ್ದರೆ ಅಕ್ಷರ ಉಳಿಯುತ್ತದೆ.

ಕ್ಯಾಮೆರಾದ ಮುಖವನ್ನು ತೂತಿಗೆ ಒತ್ತಿ ನಿಲ್ಲಿಸಿ, ಸುತ್ತ ಕಪ್ಪು ಸ್ಪಂಜು ತುರುಕಿದೆ. ಮೇಲೆ ಎರಡು ಇಂಚು ಮುಂದೆ ಚಾಚಿದ ಸಣ್ಣ ಹಲಗೆ. ಅಡಿಯಲ್ಲಿ ಗಾಳಿಗೆ ತೂತು, ಅದಕ್ಕೆ ಬಲೆ. ಕೇಬಲ್ಲನ್ನು ಪೆಟ್ಟಿಗೆಗೆ ಸೇರಿಸುವ ಮೊದಲು ಕೆಳಕ್ಕೆ ಒಂದು ಬಾಗು ಕೊಡಬೇಕು. ಇಲ್ಲದಿದ್ದರೆ ಮಳೆನೀರು ಕೇಬಲ್ಲಿನ ಮೇಲೆ ಹರಿದು ನೇರ ಒಳಗೆ ಇಳಿಯುತ್ತದೆ. ಹಳೆ ವೈಫೈ ಕ್ಯಾಮೆರಾವನ್ನು ಮಾಡಿನ ಕೆಳಗೆ ಹಾಗೆಯೇ ಬಿಟ್ಟೆ. ಯಾರಿಗಾದರೂ ಒಡೆಯಬೇಕೆನಿಸಿದರೆ ಅದನ್ನು ಒಡೆಯಲಿ. ಒಡೆಯುವವರ ಮುಖ ಎದುರಿನ ಪೆಟ್ಟಿಗೆಗೆ ಕಾಣುತ್ತದೆ.

ಆ ರಸ್ತೆಯಲ್ಲಿ ಬೆಳಿಗ್ಗೆ ಹಾಲು ಕೊಡಲು ಹೆಂಗಸರು ಹೋಗುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಅವರಿಗೆ ಗೊತ್ತಿಲ್ಲದೆ ಅವರ ಚಿತ್ರ ತೆಗೆದಿಡುವುದು ನನಗೆ ಸರಿ ಕಾಣಲಿಲ್ಲ. ಅಡಗಿಸಬೇಕಾದದ್ದು ಕ್ಯಾಮೆರಾ ಇರುವ ಜಾಗ ಮಾತ್ರ. ಕ್ಯಾಮೆರಾ ಇದೆ ಎಂಬುದನ್ನು ಅಡಗಿಸಬಾರದು. ಶೆಡ್ಡಿನ ಕಂಬಕ್ಕೆ ಕನ್ನಡದಲ್ಲೂ ಮಲಯಾಳದಲ್ಲೂ ಬರೆದ ಬೋರ್ಡು ಹಾಕಿದೆ. ಆಚೆ ಮನೆಗೆ ನಾನೇ ಹೋಗಿ ಹೇಳಿದೆ. ಅಲ್ಲಿನ ಅಕ್ಕ ಕೇಳಿದ್ದು ಒಂದೇ ಮಾತು. “ನಮ್ಮ ಬಾವಿಕಟ್ಟೆ ಕಾಣ್ತದಾ ಅದರಲ್ಲಿ?”

“ಇಲ್ಲ ಅಕ್ಕಾ, ನೀವೇ ನೋಡಿ” ಎಂದು ಫೋನು ಕೊಟ್ಟೆ. ಬಾವಿಕಟ್ಟೆ ಇರಲಿಲ್ಲ. ಆದರೆ ಅವರ ಗೇಟಿನ ಒಂದು ಮೂಲೆ ಇತ್ತು. ಅವರ ಎದುರೇ ಸೆಟ್ಟಿಂಗಿಗೆ ಹೋಗಿ ಆ ಭಾಗಕ್ಕೆ ಕಪ್ಪು ಪಟ್ಟಿ ಹಾಕಿದೆ. ಅದನ್ನು ಪ್ರೈವೆಸಿ ಮಾಸ್ಕ್ ಅನ್ನುತ್ತಾರೆ, ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುತ್ತದೆ. ಮೈಕನ್ನೂ ಬಂದ್ ಮಾಡಿದೆ. ರಸ್ತೆಯಲ್ಲಿ ನಿಂತವರ ಮಾತು ನನಗೆ ಯಾಕೆ? ಪಾಸ್‌ವರ್ಡ್ ಬದಲಿಸುವುದನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. 2016ರಲ್ಲಿ ಮಿರಾಯ್ ಎಂಬ ವೈರಸ್ಸು ಲಕ್ಷಗಟ್ಟಲೆ ಕ್ಯಾಮೆರಾ ರೆಕಾರ್ಡರುಗಳೊಳಗೆ ನುಗ್ಗಿದ್ದು, ಕಂಪೆನಿಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟಿದ್ದರಿಂದ.

ರೆಕಾರ್ಡಿಂಗು ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ದಿನಕ್ಕೆ 21–22 ಜಿಬಿ ಆಗುತ್ತದೆ. 128 ಜಿಬಿ ಕಾರ್ಡಿನಲ್ಲಿ ಆರು ದಿನ ಮಾತ್ರ ನಿಲ್ಲುತ್ತದೆ. ರೆಕಾರ್ಡರಿನ ಒಂದು ಟಿಬಿ ಡಿಸ್ಕಿನಲ್ಲಿ ಒಂದೂವರೆ ತಿಂಗಳು. ಮದುವೆ, ತಿಥಿ ಎಂದು ವಾರಗಟ್ಟಲೆ ಮನೆ ಬಿಟ್ಟಿರುವವರಿಗೆ ಈ ವ್ಯತ್ಯಾಸ ದೊಡ್ಡದು.

2024ರ ಜುಲೈಯಲ್ಲಿ ಕನ್ನಡಿ ಮತ್ತೆ ಮುರಿಯಿತು. ಈ ಸಲ ಅಟ್ಟ ಹತ್ತಿ ನೋಡಿದೆ. ಬೆಳಿಗ್ಗೆ 5 ಗಂಟೆ 12 ನಿಮಿಷ, ಜೋರು ಮಳೆ. ಒಂದು ಪಿಕಪ್ ಗಾಡಿ ರಸ್ತೆಯಲ್ಲಿ ತಿರುಗಿಸಲು ಶೆಡ್ಡಿನ ಕಡೆಗೆ ಹಿಂದೆ ಬರುತ್ತದೆ. ಅದರ ಹಿಂದಿನ ಮೂಲೆ ಕನ್ನಡಿಗೆ ತಾಗುತ್ತದೆ. ಗಾಡಿ ನಿಂತು, ಮುಂದೆ ಹೋಗುತ್ತದೆ. ನಂಬರಿನ ಕೊನೆಯ ಮೂರು ಅಂಕೆ ಸ್ಪಷ್ಟ. ಎರಡು ದಿನ ಕಳೆದು ಗಾಡಿ ಸಿಕ್ಕಿತು. ಫೋನು ತೋರಿಸಿದೆ. ಗಾಡಿಯವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಅಣ್ಣಾ, ಹೋದ ವರ್ಷವೂ ನಂದೇ ತಾಗಿದ್ದು. ಕತ್ತಲೆ, ಯಾರೂ ಇರ್ಲಿಲ್ಲ, ಹೆದರಿ ಹೋದೆ” ಅಂದ. ಎರಡು ಕನ್ನಡಿಯ ದುಡ್ಡನ್ನೂ ಕೊಟ್ಟ. ಕೇಳದೇ ಹೇಳಿದ್ದಕ್ಕೆ ಒಂದರದ್ದನ್ನು ವಾಪಸು ಕೊಟ್ಟೆ.

ಆ ಸಂಜೆ ಮೋರಿಯ ಹತ್ತಿರ ಹೋಗಿ ಹುಡುಗರ ಜೊತೆ ಕೂತೆ. ಒಂದು ವರ್ಷ ಅವರ ಮೇಲೆ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಹೇಳಿದೆ. ಹೇಳಲು ಕಷ್ಟವಾಯಿತು. ಅವರಿಗೆ ಅದು ಮೊದಲೇ ಗೊತ್ತಿತ್ತಂತೆ.

ಮಾತಿನಲ್ಲಿ ಮುಗಿಯದ ಸಂಗತಿಯಾಗಿದ್ದರೆ ಪೊಲೀಸು ಕೋರ್ಟು ಎಂದು ಹೋಗಬೇಕಾಗುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ವಿಡಿಯೋದ ನಕಲಿನ ಜೊತೆ ಒಂದು ಸರ್ಟಿಫಿಕೇಟೂ ಬೇಕು. ವಾಟ್ಸಾಪಿನಲ್ಲಿ ಕಳಿಸಿದರೆ ವಿಡಿಯೋ ಕುಗ್ಗುತ್ತದೆ. ಹಾಗಾಗಿ ರೆಕಾರ್ಡರಿನಿಂದ ನೇರ ಪೆನ್‌ಡ್ರೈವಿಗೆ ತೆಗೆದು, ಡಿಸ್ಕನ್ನು ಮುಟ್ಟದೆ ಇಡುವುದು ಒಳ್ಳೆಯದು.

ಆ ವರ್ಷ ಡಿಸೆಂಬರಿನಲ್ಲಿ ಒಂದು ದಿನ ಫೋನಿನಲ್ಲಿ ಚಿತ್ರ ಕಪ್ಪಾಯಿತು. ಇಳಿದು ನೋಡಿದರೆ ಪಕ್ಕದ ಪೆಟ್ಟಿಗೆಯ ಜೇನು ಪಾಲಾಗಿ, ಒಂದು ಪಾಲು ಕ್ಯಾಮೆರಾದ ಪೆಟ್ಟಿಗೆಗೆ ಬಂದು ಕೂತಿತ್ತು. ಹುಳು ಹೋಗುವ ಹಳೆ ಸೀಳನ್ನು ಮುಚ್ಚಲು ಮರೆತಿದ್ದೆ. ಸ್ಪಂಜಿನ ಸಂದಿಯಿಂದಲೂ ಹುಳುಗಳು ಲೆನ್ಸಿನ ಮೇಲೆ ಹರಿದಾಡುತ್ತಿದ್ದವು. ಸಂಜೆ ತಂಪು ಹೊತ್ತಿನಲ್ಲಿ ಹೊಗೆ ಹಾಕಿ, ರಾಣಿಯನ್ನು ಹುಡುಕಿ ಹೊಸ ಪೆಟ್ಟಿಗೆಗೆ ದಾಟಿಸಿದೆ. ಸೀಳಿಗೆ ಸಣ್ಣ ಕಣ್ಣಿನ ಬಲೆ ಹೊಡೆದೆ. ಈಗ ಬರೆಯ ಮೇಲೆ ನಾಲ್ಕು ಪೆಟ್ಟಿಗೆ ಇವೆ. ತಿಂಗಳಿಗೊಮ್ಮೆ ಲೆನ್ಸು ಒರೆಸಲು ಹೋದಾಗ ಉಳಿದ ಮೂರನ್ನೂ ತೆರೆದು ನೋಡುತ್ತೇನೆ. ದೂರದಿಂದ ನೋಡಿದವರಿಗೆ ಜೇನಿನ ಕೆಲಸದ ಹಾಗೇ ಕಾಣುತ್ತದೆ.