ಗೋಲು ಬಿದ್ದ ಮೇಲಿನ ಒಂದು ನಿಮಿಷ

ಚೆಂಡು ತನಗೆ ಬರುವುದೇ ಬೇಡ ಎಂದುಕೊಂಡ ಆಟಗಾರ ನಿಂತಲ್ಲೇ ನಿಂತಿರುವುದಿಲ್ಲ. ಓಡುತ್ತಲೇ ಇರುತ್ತಾನೆ. ಕೈ ಎತ್ತುತ್ತಾನೆ, ಕೂಗುತ್ತಾನೆ, ಬೆವರು ಸುರಿಸುತ್ತಾನೆ. ಆದರೆ ಅವನಿಗೂ ಚೆಂಡಿಗೂ ನಡುವೆ ಯಾವಾಗಲೂ ಎದುರಾಳಿ ಒಬ್ಬ ಇರುತ್ತಾನೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಪಾಸ್ ಸಿಗುತ್ತದೆ, ಆ ಎರಡು ಹೆಜ್ಜೆ ಮಾತ್ರ ಅವನು ಇಡುವುದಿಲ್ಲ. ಗೆರೆಯಾಚೆ ನಿಂತವರಿಗೆ "ಪಾಪ, ಎಷ್ಟು ಓಡ್ತಾನೆ, ಒಬ್ರೂ ಪಾಸ್ ಕೊಡ್ತಿಲ್ಲ" ಅನ್ನಿಸುತ್ತದೆ. ಅವನು ಅಡಗಿಕೊಳ್ಳುತ್ತಿದ್ದಾನೆ ಎಂದು ಗುರುತು ಹಿಡಿಯಲು ಕ್ಯಾಪ್ಟನ್ ಆದ ನನಗೇ ಒಂದು ಇಡೀ ವರ್ಷ ಬೇಕಾಯಿತು. ಅಷ್ಟರೊಳಗೆ ಒಬ್ಬ ಒಳ್ಳೆಯ ಹುಡುಗ ಕೈತಪ್ಪಿ ಹೋಗುವುದರಲ್ಲಿದ್ದ.

ನಾನು ಆಲ್ದೂರಿನ ಆಚೆ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಹಾಜರಿ ಕೂಗುವುದು, ಯಾರನ್ನು ಯಾವ ಬ್ಲಾಕಿಗೆ ಕಳಿಸಬೇಕೆಂದು ನೋಡುವುದು, ವಾರದ ಬಟವಾಡೆ ಮಾಡುವುದು ನನ್ನ ಕೆಲಸ. ಒಂಬತ್ತು ವರ್ಷ ನಮ್ಮ ಸುತ್ತಲಿನ ನಾಲ್ಕೈದು ತೋಟಗಳ ಹುಡುಗರ ಫುಟ್‌ಬಾಲ್ ಟೀಮಿಗೆ ಕ್ಯಾಪ್ಟನ್ ಆಗಿದ್ದೆ. ಆಡುತ್ತಿದ್ದದ್ದು ಸ್ಟಾಪರ್ ಜಾಗದಲ್ಲಿ, ಅಂದರೆ ನಮ್ಮ ಗೋಲಿನ ಮುಂದೆ ನಡುವಿನಲ್ಲಿ ನಿಂತು ಎದುರಾಳಿಯನ್ನು ತಡೆಯುವ ಜಾಗ. ಕೊಯ್ಲು ಮುಗಿದು ಕಾಫಿಯೆಲ್ಲ ಮೂಟೆ ಸೇರಿದ ಮೇಲೆ ಅದನ್ನು ಒಣಗಿಸುವ ಸಿಮೆಂಟ್ ಕಣ ಖಾಲಿ ಬೀಳುತ್ತದಲ್ಲ, ಸಾಹುಕಾರರ ಒಪ್ಪಿಗೆ ಪಡೆದು ಅಲ್ಲೇ ಸಂಜೆ ಪ್ರಾಕ್ಟೀಸ್. ಸಿಮೆಂಟಿನ ಮೇಲೆ ಚೆಂಡು ಎಷ್ಟು ವೇಗವಾಗಿ ಜಾರುತ್ತದೆಂದರೆ ಅಲ್ಲಿ ಪಳಗಿದವನಿಗೆ ಹುಲ್ಲಿನ ಮೇಲೆ ಆಡುವುದು ಸಲೀಸು. ನವೆಂಬರಿನಿಂದ ಫೆಬ್ರವರಿವರೆಗೆ ಆಟವೇ ಇಲ್ಲ, ಕೊಯ್ಲಿನ ಹೊತ್ತಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಟೂರ್ನಮೆಂಟುಗಳಿಗೆ ಹೋಗುತ್ತಿದ್ದದ್ದು ಬಹುಪಾಲು ಮಳೆಗಾಲದಲ್ಲೇ.

ಹಿಂದಿನ ಕ್ಯಾಪ್ಟನ್ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದಾಗ ಪಟ್ಟಿ ನನ್ನ ತೋಳಿಗೆ ಬಂತು. ಆಗ ನನಗೆ ಇಪ್ಪತ್ತೆರಡು. ಕ್ಯಾಪ್ಟನ್ ಅಂದರೆ ಕೂಗುವವನು ಎಂದೇ ನಾನು ತಿಳಿದಿದ್ದೆ. ತೊಂಬತ್ತು ನಿಮಿಷವೂ ಕೂಗುತ್ತಿದ್ದೆ. ನಮ್ಮ ರೈಟ್ ಬ್ಯಾಕ್ ಹದಿನೇಳರ ಹುಡುಗ, ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಬೆಳೆದವನು, ಕಾಲಿನಲ್ಲಿ ಚೆಂಡು ಅಂಟಿಕೊಂಡಂತೆ ಆಡುತ್ತಿದ್ದ. ಒಂದು ಪಂದ್ಯದಲ್ಲಿ ಅವನು ಹಿಂದಕ್ಕೆ ಕೊಟ್ಟ ಪಾಸ್ ಕೆಸರಿನಲ್ಲಿ ಸಿಕ್ಕಿಕೊಂಡು ಎದುರಾಳಿಗೆ ಸಿಕ್ಕಿತು. ಗೋಲಾಯಿತು. ಎಲ್ಲರ ಮುಂದೆ, ಅವನ ತಂದೆಯೂ ಗೆರೆಯಾಚೆ ನಿಂತಿದ್ದಾಗ, ನಾನು ಬಾಯಿಗೆ ಬಂದದ್ದು ಬೈದೆ. ಅವನು ಎದುರು ಮಾತಾಡಲಿಲ್ಲ. ಅದಾದ ಮೇಲಿನ ಮೂರು ಪಂದ್ಯ ಅವನು ಎದುರಾಳಿಗಳ ಮರೆಯಲ್ಲೇ ಓಡಿದ. ನಾಲ್ಕನೆಯದಕ್ಕೆ ಬರಲೇ ಇಲ್ಲ.

ಭಾನುವಾರ ಅವರ ಮನೆಗೆ ಹೋದೆ. ಹುಡುಗ ಒಳಗಿದ್ದವನು ಹೊರಗೆ ಬರಲಿಲ್ಲ. ಅವನ ತಾಯಿ ಒಲೆಯ ಮುಂದೆ ಕೂತಿದ್ದವರು ಎದ್ದು ಬಂದರು. "ರೈಟ್ರೆ, ಕೆಲಸದಲ್ಲಿ ತಪ್ಪಾದ್ರೆ ನೀವು ನಮ್ಮನ್ನ ಪಕ್ಕಕ್ಕೆ ಕರೆದು ಹೇಳ್ತೀರಿ. ಮಗಂಗೆ ಯಾಕೆ ಹಂಗೆ ಮಾಡಿದ್ರಿ?" ಅಂದರು. ಅಷ್ಟೇ ಅಂದದ್ದು. ನನಗೆ ಉತ್ತರ ತೋಚಲಿಲ್ಲ. ಅವರು ಹೇಳಿದ್ದು ನಿಜವಾಗಿತ್ತು. ಹಾಜರಿ ಸಾಲಿನಲ್ಲಿ ನಾನು ಯಾರ ಮೇಲೂ ಹಾಗೆ ಕೂಗಿದವನಲ್ಲ. ನೂರಿಪ್ಪತ್ತು ಜನರ ಹೆಸರು ಕೂಗುವಾಗ ಅವರು "ಬಂದೆ" ಅನ್ನುವ ದನಿಯಲ್ಲೇ ಯಾರಿಗೆ ಜ್ವರ ಇದೆ, ಯಾರ ಮನೆಯಲ್ಲಿ ರಾತ್ರಿ ಜಗಳ ಆಗಿದೆ ಎಂದು ನನಗೆ ತಿಳಿಯುತ್ತಿತ್ತು. ಮೈದಾನಕ್ಕೆ ಬಂದ ಕೂಡಲೇ ಆ ಕಿವಿಯನ್ನು ಯಾಕೆ ಮುಚ್ಚಿಕೊಂಡೆನೋ!

ಹುಡುಗನ ಹತ್ತಿರ ತಪ್ಪಾಯಿತು ಎಂದು ಕೇಳಿಕೊಂಡೆ. ಮುಂದಿನ ಪ್ರಾಕ್ಟೀಸಿನಲ್ಲಿ ಎಲ್ಲರ ಮುಂದೆಯೂ ಹೇಳಿದೆ, ಎಲ್ಲರ ಮುಂದೆ ಬೈದಿದ್ದೆನಲ್ಲ. ಅಲ್ಲಿಂದ ಮುಂದೆ ನಾನು ಚೆಂಡಿಗಿಂತ ಹುಡುಗರನ್ನು ಹೆಚ್ಚು ನೋಡತೊಡಗಿದೆ. ಸ್ಟಾಪರ್ ಜಾಗದಿಂದ ಹತ್ತೂ ಜನ ಕಾಣುತ್ತಾರೆ, ಗೋಲಿಯನ್ನು, ಅಂದರೆ ಗೋಲ್‌ಕೀಪರನ್ನು, ನೋಡಲು ಮಾತ್ರ ತಿರುಗಬೇಕು. ನಮ್ಮ ಗೋಲಿಗೆ ಗದರಿಸಿದರೇ ಉತ್ಸಾಹ ಬರುತ್ತಿತ್ತು, ಸುಮ್ಮನಿದ್ದರೆ ಅವನು ಮಂಕಾಗುತ್ತಿದ್ದ. ನಡುವಿನಲ್ಲಿ ಎಡಕ್ಕೆ ಆಡುವ ಲೆಫ್ಟ್ ಹಾಫಿಗೆ ಮಾತೇ ಬೇಡ, ಪಕ್ಕದಲ್ಲಿ ಓಡಿ ಹೋಗುವಾಗ ಬೆನ್ನ ಮೇಲೆ ಒಂದು ಸಲ ಕೈ ಇಟ್ಟರೆ ಸಾಕು. ಸೆಂಟರ್ ಫಾರ್ವರ್ಡಿಗೆ ಮೊದಲ ಹತ್ತು ನಿಮಿಷದೊಳಗೆ ಎರಡು ಸಲವಾದರೂ ಚೆಂಡು ತಾಗಬೇಕು, ಇಲ್ಲದಿದ್ದರೆ ಅವನು ಆ ದಿನ ಆಟದಲ್ಲಿ ಇದ್ದೂ ಇಲ್ಲದ ಹಾಗೆ. ಯಾರಾದರೂ ಅಡಗುತ್ತಿದ್ದಾನೆ ಅನ್ನಿಸಿದರೆ ಅವನಿಗೆ ತೀರಾ ಸುಲಭವಾದ, ಐದು ಗಜದ ಒಂದು ಪಾಸ್ ಕೊಟ್ಟು ವಾಪಸ್ ಇಸಿದುಕೊಳ್ಳುತ್ತಿದ್ದೆ. ಮತ್ತೊಮ್ಮೆ, ಮಗುದೊಮ್ಮೆ. ನಾಲ್ಕನೆಯ ಸಲಕ್ಕೆ ಅವನಾಗಿಯೇ ಆ ಎರಡು ಹೆಜ್ಜೆ ಪಕ್ಕಕ್ಕೆ ಬರುತ್ತಿದ್ದ. ಕ್ಯಾಪ್ಟನ್ ಆಗುವವರಿಗೆ ನಾನು ಕೊಡಬಹುದಾದ ಒಂದೇ ಒಂದು ಉಪಾಯ ಅಂದರೆ ಇದು.

ಮಾತಿನ ವಿಷಯಕ್ಕೆ ಬರುತ್ತೇನೆ. ನಮ್ಮ ಟೀಮಿನಲ್ಲಿ ಕನ್ನಡ, ತುಳು, ತಮಿಳು, ಬ್ಯಾರಿ ಎಲ್ಲ ಇತ್ತು. ಆಮೇಲೆ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಹುಡುಗರು ಸೇರಿಕೊಂಡರು. ಅವರಿಗೆ ಫುಟ್‌ಬಾಲ್ ಅಂದರೆ ಪ್ರಾಣ, ಕನ್ನಡ ಮಾತ್ರ ಬರುತ್ತಿರಲಿಲ್ಲ. ಒಂದು ಸಂಜೆ ಕಣದ ಕಟ್ಟೆಯ ಮೇಲೆ ಎಲ್ಲರೂ ಕೂತು ಆರು ಮಾತುಗಳನ್ನು ಗೊತ್ತು ಮಾಡಿಕೊಂಡೆವು. "ಏರು" ಅಂದರೆ ಬ್ಯಾಕ್‌ಗಳೆಲ್ಲ ಒಟ್ಟಿಗೆ ಮುಂದಕ್ಕೆ. "ಒಳಗೆ" ಅಂದರೆ ಗೆರೆಯ ಬದಿ ಬಿಟ್ಟು ನಡುವಿಗೆ ಹತ್ತಿರವಾಗು. "ಬಿಡು" ಅನ್ನುವುದು ಗೋಲಿಯ ಮಾತು, ಅವನೊಬ್ಬನೇ ಹೇಳಬೇಕು. "ಹೊಡಿ" ಅಂದರೆ ಯೋಚನೆ ಬೇಡ, ಆಚೆ ಕಳಿಸು. "ಟೈಮ್" ಅಂದರೆ ನಿನ್ನ ಹತ್ತಿರ ಯಾರೂ ಇಲ್ಲ, ತಲೆ ಎತ್ತಿ ನೋಡು. ಆರನೆಯದನ್ನು ಅವರೇ ಕೊಟ್ಟರು. ಹಿಂದಿನಿಂದ ಆಳು ಬರುತ್ತಿದ್ದಾನೆ ಎಂದು ಎಚ್ಚರಿಸಲು "ಆಹಿಸೆ". ಅಸ್ಸಾಮಿ ಭಾಷೆಯಲ್ಲಿ ಬರುತ್ತಿದ್ದಾನೆ ಎಂದರ್ಥ. ಎದುರಾಳಿಗಳಿಗೆ ಅದು ತಿಳಿಯುತ್ತಿರಲಿಲ್ಲ ಅನ್ನುವುದು ನಮಗೆ ಸಿಕ್ಕ ಲಾಭ. ಆದರೆ ನನಗೆ ಖುಷಿಯಾದದ್ದು ಬೇರೆ ಕಾರಣಕ್ಕೆ. ನಮ್ಮ ಊರಿನವರ ಬಾಯಲ್ಲಿ ತಮ್ಮ ಮಾತು ಕೇಳಿದ ದಿನದಿಂದ ಆ ಹುಡುಗರು ಟೀಮನ್ನು ತಮ್ಮದೆಂದುಕೊಂಡರು. ಆರಕ್ಕಿಂತ ಹೆಚ್ಚು ಮಾತು ಪಂದ್ಯದಲ್ಲಿ ಬೇಕಾಗುವುದೂ ಇಲ್ಲ. ಓಡುತ್ತಿರುವವನ ಕಿವಿಗೆ ವಾಕ್ಯ ಇಳಿಯುವುದಿಲ್ಲ.

ಈಗ ಗೋಲು ಬಿದ್ದ ಮೇಲಿನ ನಿಮಿಷ. ಒಂದು ಟೀಮಿನ ಕ್ಯಾಪ್ಟನ್ ಎಂಥವನು ಎಂದು ತಿಳಿಯಬೇಕಾದರೆ ನಾನು ಅದೊಂದನ್ನೇ ನೋಡುವುದು. ಗೋಲು ಬಿದ್ದಾಗ ಹನ್ನೊಂದು ಜನರೂ ಒಂದು ಕ್ಷಣ ಒಂಟಿಯಾಗುತ್ತಾರೆ. ಒಬ್ಬ ನೆಲ ನೋಡುತ್ತಾನೆ, ಒಬ್ಬ ಗೋಲಿಯ ಕಡೆ ಕೈ ತೋರಿಸುತ್ತಾನೆ, ಒಬ್ಬ ಬಲೆಯಿಂದ ಚೆಂಡು ತೆಗೆದು ಸಿಟ್ಟಿನಲ್ಲಿ ಒದೆಯುತ್ತಾನೆ. ಎರಡನೆಯ ಗೋಲು ಹುಟ್ಟುವುದು ಅಲ್ಲಿ. ಒಂದು ವರ್ಷ ನಾವು ಹತ್ತು ನಿಮಿಷದೊಳಗೆ ಮೂರು ಗೋಲು ತಿಂದಿದ್ದೆವು, ಮೂರೂ ಗಾಬರಿಯಲ್ಲಿ.

1950ರ ವಿಶ್ವಕಪ್ಪಿನ ಕೊನೆಯ ಪಂದ್ಯದ ಕಥೆ ನನಗೆ ಆ ಹೊತ್ತಿನಲ್ಲೇ ಗೊತ್ತಾದದ್ದು. ಜುಲೈ 16, ರಿಯೊ ನಗರದ ಮರಕಾನಾ ಮೈದಾನ, ಸುಮಾರು 2 ಲಕ್ಷ ಜನ. ಬ್ರೆಜಿಲ್‌ಗೆ ಡ್ರಾ ಆದರೂ ಸಾಕಿತ್ತು. ದ್ವಿತೀಯಾರ್ಧ ಶುರುವಾಗುತ್ತಿದ್ದಂತೆ ಅವರು ಗೋಲು ಹೊಡೆದರು, ಮೈದಾನ ಹುಚ್ಚೆದ್ದು ಕೂಗಿತು. ಉರುಗ್ವೆಯ ಕ್ಯಾಪ್ಟನ್ ಒಬ್ಡುಲಿಯೊ ವರೇಲಾ ಚೆಂಡನ್ನು ಕೈಗೆತ್ತಿಕೊಂಡು ಆಫ್‌ಸೈಡ್ ಆಗಿತ್ತೆಂದು ವಾದಕ್ಕೆ ನಿಂತ. ರೆಫ್ರಿ ಇಂಗ್ಲಿಷಿನವನು, ಇವನ ಭಾಷೆ ಅವನಿಗೆ ತಿಳಿಯದು. ಗೋಲು ರದ್ದಾಗಲಿಲ್ಲ. ಆದರೆ ಆ ವಾದ ಮುಗಿಯುವ ಹೊತ್ತಿಗೆ ಜನರ ಕಾವು ಇಳಿದಿತ್ತು, ತನ್ನ ಹುಡುಗರಿಗೆ ಉಸಿರಾಡಲು ಸಮಯ ಸಿಕ್ಕಿತ್ತು. ಕಡೆಗೆ ಉರುಗ್ವೆ 2–1ರಿಂದ ಗೆದ್ದಿತು.

ಈಗ ಹಾಗೆ ಚೆಂಡು ಹಿಡಿದು ವಾದಿಸುತ್ತಾ ನಿಂತರೆ ಹಳದಿ ಕಾರ್ಡ್ ಖಂಡಿತ. ಅದಕ್ಕೆ ನಾನು ಒಂದು ಪದ್ಧತಿ ಮಾಡಿಕೊಂಡೆ. ಗೋಲು ಬಿದ್ದರೆ ಬಲೆಯಿಂದ ಚೆಂಡು ತೆಗೆಯುವವನು ನಾನೇ, ಬೇರೆ ಯಾರೂ ಮುಟ್ಟಬಾರದು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡುಗೆರೆಯವರೆಗೆ ನಡೆಯುತ್ತಿದ್ದೆ, ಓಡುತ್ತಿರಲಿಲ್ಲ. ದಾರಿಯಲ್ಲಿ ಮೊದಲು ತಪ್ಪು ಮಾಡಿದವನ ಹತ್ತಿರ ಹೋಗಿ ಮುಂದಿನ ಐದು ನಿಮಿಷಕ್ಕೆ ಅವನೇನು ಮಾಡಬೇಕೆಂದು ಹೇಳುತ್ತಿದ್ದೆ. "ಅವರ ಏಳನೇ ನಂಬರ್ ನಿಂದು, ಬೇರೆ ಏನೂ ನೋಡ್ಬೇಡ" ಅನ್ನುವ ಥರದ ಮಾತು. ಆಗಿ ಹೋದ ಗೋಲಿನ ಬಗ್ಗೆ ಒಂದಕ್ಷರ ಎತ್ತುತ್ತಿರಲಿಲ್ಲ.

ಚಿಕ್ಕಮಗಳೂರಿನ ಸುಭಾಷ್ ಚಂದ್ರ ಬೋಸ್ ಆಟದ ಮೈದಾನದಲ್ಲಿ ಒಂದು ಜುಲೈನಲ್ಲಿ ಆಡಿದ ಸೆಮಿಫೈನಲ್ ನೆನಪಾಗುತ್ತದೆ. ದ್ವಿತೀಯಾರ್ಧದ ನಾಲ್ಕನೇ ನಿಮಿಷಕ್ಕೆ ನಮಗೆ ಗೋಲು ಬಿತ್ತು. ಮುಳ್ಳಯ್ಯನಗಿರಿ ಕಡೆಯಿಂದ ಮಂಜು ಇಳಿದು ಆ ತುದಿಯ ಗೋಲು ಕಂಬವೇ ಮಸುಕಾಗಿತ್ತು. ಚೆಂಡು ಹಿಡಿದು ನಡೆಯುತ್ತಾ ತಿರುಗಿ ನೋಡಿದರೆ ಹುಡುಗರು ನೆಲ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಎರಡನೆಯ ಗೋಲು ಬೀಳಲಿಲ್ಲ. ಕೊನೆಗೆ ಒಂದು ಕಾರ್ನರಿನಲ್ಲಿ ಸಮ ಮಾಡಿಕೊಂಡೆವು, ಪೆನಾಲ್ಟಿಯಲ್ಲಿ ಸೋತೆವು. ತಪ್ಪಿಸಿದವನು ಅಸ್ಸಾಮಿನ ಹುಡುಗ, ಹಾಫ್ ಜಾಗದಲ್ಲಿ ಆಡುತ್ತಿದ್ದವನು. ಅವನು ಜಾರಿದ. ಚೆಂಡು ಕಂಬದ ಮೇಲಿಂದ ಹೋಯಿತು.

ವಾಪಸ್ ಬರುವಾಗ ಜೀಪಿನ ಹಿಂದೆ ಅವನ ಪಕ್ಕದಲ್ಲೇ ಕೂತೆ. ಬಟ್ಟೆಯಿಂದ ನೀರು ಸೋರುತ್ತಿತ್ತು, ಅವನು ಬೂಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಸ್ಟಡ್ಡಿಗೆ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ. ನನ್ನ ಅರೆಬರೆ ಹಿಂದಿಯಲ್ಲಿ ಅವನಿಗೆ 1948ರ ಲಂಡನ್ ಒಲಿಂಪಿಕ್ಸ್ ಕಥೆ ಹೇಳಿದೆ. ಭಾರತ ಫ್ರಾನ್ಸ್ ಮೇಲೆ 2–1ರಿಂದ ಸೋತ ಪಂದ್ಯ. ನಮ್ಮ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆದರೆ ಎರಡು ಪೆನಾಲ್ಟಿ ವ್ಯರ್ಥವಾಗಿದ್ದವು. ಅದರಲ್ಲಿ ಒಂದನ್ನು ಕಳೆದವರು ಶೈಲೇನ್ ಮನ್ನಾ. ಮೂರು ವರ್ಷದ ಮೇಲೆ, 1951ರಲ್ಲಿ, ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಚಿನ್ನ ಗೆದ್ದಾಗ ಕ್ಯಾಪ್ಟನ್ ಅದೇ ಮನ್ನಾ. ಹುಡುಗ ಕೆರೆಯುವುದನ್ನು ನಿಲ್ಲಿಸಿ "ಓಹಿ ಆದ್ಮಿ?" ಎಂದು ಕೇಳಿದ. ಅವರೇ ಅಂದೆ.

ರೆಫ್ರಿ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಯಮದ ಪುಸ್ತಕದಲ್ಲಿ ಕ್ಯಾಪ್ಟನ್‌ಗೆ ವಿಶೇಷ ಅಧಿಕಾರ ಅಂತ ಯಾವುದೂ ಇಲ್ಲ, ಟೀಮಿನ ನಡತೆಗೆ ಒಂದಷ್ಟು ಜವಾಬ್ದಾರಿ ಮಾತ್ರ ಇದೆ. 2024ರಿಂದ ದೊಡ್ಡ ಪಂದ್ಯಗಳಲ್ಲಿ ಕ್ಯಾಪ್ಟನ್ ಒಬ್ಬನೇ ರೆಫ್ರಿ ಹತ್ತಿರ ಹೋಗಬೇಕೆಂಬ ಪದ್ಧತಿ ಬಂದಿದೆ. ನಾವು ಅದನ್ನು ಮೊದಲೇ ಮಾಡಿಕೊಂಡಿದ್ದೆವು. ಫೌಲ್ ಕೊಟ್ಟ ಕೂಡಲೇ ಏಳೆಂಟು ಜನ ಸುತ್ತುವರಿದರೆ ಆತ ಯಾರ ಮಾತನ್ನೂ ಕೇಳುವುದಿಲ್ಲ. ಆಟ ನಿಂತಾಗ ಒಬ್ಬನೇ ಹೋಗಿ, ಕೈ ಹಿಂದೆ ಕಟ್ಟಿಕೊಂಡು, "ಸರ್, ಅವನ ಮೊಣಕೈ ಸ್ವಲ್ಪ ನೋಡ್ಕೊಳ್ಳಿ" ಎಂದರೆ ಮುಂದಿನ ಸಲ ಆತ ನೋಡಿಯೇ ನೋಡುತ್ತಾರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಹತ್ತಿರ ಬಂದರೆ ಪಂದ್ಯ ನಿಲ್ಲಿಸಿ ಎಂದು ಕೇಳುವುದಕ್ಕೂ ಹಿಂಜರಿಯಬೇಡಿ. ಗೆಲ್ಲುತ್ತಿದ್ದರೂ ಕೇಳಬೇಕು.

ಟಾಸ್ ಗೆದ್ದವರು ಮೊದಲೆಲ್ಲ ಯಾವ ಕಡೆಯ ಗೋಲು ಬೇಕೆಂದು ಮಾತ್ರ ಆರಿಸಬೇಕಿತ್ತು, 2019ರಿಂದ ಬೇಕಾದರೆ ಕಿಕ್ ಆಫ್ ತೆಗೆದುಕೊಳ್ಳಬಹುದು. ಮಲೆನಾಡಿನಲ್ಲಿ ನಾನು ಯಾವತ್ತೂ ಗೋಲನ್ನೇ ಆರಿಸುತ್ತಿದ್ದೆ. ನಮ್ಮ ಕಡೆಯ ಮೈದಾನಗಳು ಒಂದು ಬದಿಗೆ ಇಳಿಜಾರು, ಕೆಳಗಿನ ಬದಿಯಲ್ಲಿ ನೀರು ನಿಲ್ಲುತ್ತದೆ. ಕಾಲಲ್ಲಿ ಕಸುವಿರುವಾಗ ಮೊದಲಾರ್ಧ ಆ ನೀರಿನ ಬದಿಯನ್ನು ನಾವು ಕಾಯುವುದು. ದ್ವಿತೀಯಾರ್ಧದಲ್ಲಿ ಸುಸ್ತಾದ ಎದುರಾಳಿ ಬ್ಯಾಕ್‌ಗಳು ಅದೇ ಕೆಸರಿನಲ್ಲಿ ತಮ್ಮ ಗೋಲ್‌ಕೀಪರಿಗೆ ಪಾಸ್ ಹಿಂದಿರುಗಿಸಬೇಕಾಗುತ್ತದೆ, ಚೆಂಡು ನಡುವೆ ನಿಂತುಬಿಡುತ್ತದೆ. ಪಂದ್ಯಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಇಡೀ ಮೈದಾನ ನಡೆದು ನೋಡಿ, ಎಲ್ಲಿ ಚೆಂಡು ಪುಟಿಯುತ್ತದೆ, ಎಲ್ಲಿ ಸತ್ತು ಬೀಳುತ್ತದೆ ಎಂದು ಗುರುತಿಟ್ಟುಕೊಳ್ಳಿ.

ಎಲ್ಲರಿಗಿಂತ ಚೆನ್ನಾಗಿ ಆಡುವವನಿಗೇ ಪಟ್ಟಿ ಕೊಡುವುದು ವಾಡಿಕೆ. ಸುನಿಲ್ ಚೆಟ್ರಿಯನ್ನು ನೋಡಿ ಬೆಳೆದ ಹುಡುಗರಿಗೆ ಗೋಲು ಹೊಡೆಯುವವನೇ ಕ್ಯಾಪ್ಟನ್ ಅನ್ನಿಸುವುದು ಸಹಜ. ಚೆಟ್ರಿಗೆ ಎರಡೂ ಹೊರೆ ಹೊರುವ ಶಕ್ತಿ ಇತ್ತು. ನಮ್ಮಂಥ ಟೀಮುಗಳಲ್ಲಿ ಒಬ್ಬನ ತಲೆಯ ಮೇಲೆ ಎರಡನ್ನೂ ಹೊರಿಸಿದರೆ ಗೋಲೂ ಹೋಗುತ್ತದೆ, ಟೀಮೂ ಹೋಗುತ್ತದೆ ಎಂದು ನಾನು ನಂಬುತ್ತೇನೆ.

ನಾನು ಪಟ್ಟಿ ಬಿಟ್ಟದ್ದು ಹೀಗೆ. ಒಂಬತ್ತನೆಯ ವರ್ಷ, ಮೂಡಿಗೆರೆ ಕಡೆ ಒಂದು ಪಂದ್ಯ. ಗೋಲು ಬಿತ್ತು. ಎಂದಿನಂತೆ ಚೆಂಡು ತೆಗೆದುಕೊಂಡು ತಿರುಗಿದೆ. ಹುಡುಗರು ನೆಲ ನೋಡುತ್ತಿರಲಿಲ್ಲ, ಆದರೆ ನನ್ನ ಕಡೆಯೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ನಡುವಿನಲ್ಲಿ ನಿಂತಿದ್ದ ಅಸ್ಸಾಮಿನ ಹುಡುಗನ ಕಡೆ ಇತ್ತು. ಅವನು ಆಗಲೇ ರೈಟ್ ಬ್ಯಾಕಿನ ಹತ್ತಿರ ಹೋಗಿ ಏನೋ ಹೇಳುತ್ತಿದ್ದ, ಅಷ್ಟು ಹೊತ್ತಿಗೆ ಅವನ ಕನ್ನಡ ಸೊಗಸಾಗಿತ್ತು. ನನ್ನ ಎದೆ ತುಂಬಿ ಬಂತು. ಆ ರಾತ್ರಿಯೇ ಹುಡುಗರನ್ನು ಕೇಳಿದೆ, ಎಲ್ಲರೂ ಒಪ್ಪಿದರು. ಆಲ್ದೂರಿನ ಟೈಲರ್ ಹೊಲಿದುಕೊಟ್ಟಿದ್ದ ಪಟ್ಟಿ, ಎಲಾಸ್ಟಿಕ್ ಸಡಿಲವಾಗಿ ಪಿನ್ನು ಹಾಕಿಕೊಳ್ಳಬೇಕಿತ್ತು. ಮುಂದಿನ ಪಂದ್ಯದ ಮೊದಲು ಅದನ್ನು ಅವನ ತೋಳಿಗೆ ಕಟ್ಟಿ, ಪಿನ್ನು ಚುಚ್ಚದ ಹಾಗೆ ಬಟ್ಟೆ ಮಡಚಿ ಹಾಕಿದೆ. ಅವನು ಟಾಸ್‌ಗೆ ಹೋದ.

ಇನ್ನೂ ಎರಡು ವರ್ಷ ನಾನು ಸ್ಟಾಪರ್ ಜಾಗದಲ್ಲೇ ಆಡಿದೆ. ಕಾಲು ಮೊದಲಿನಷ್ಟು ಚುರುಕಿರಲಿಲ್ಲ, ಒಮ್ಮೊಮ್ಮೆ ಗೆರೆಯ ಬದಿಗೆ ಎಳೆದುಕೊಂಡು ಹೋಗಿಬಿಡುತ್ತಿದ್ದೆ. ಆಗೆಲ್ಲ ನಡುವಿನಿಂದ ಅವನ ದನಿ ಬರುತ್ತಿತ್ತು: "ಒಳಗೆ, ಅಣ್ಣಾ, ಒಳಗೆ!" ನಾನು ಒಳಗೆ ಬರುತ್ತಿದ್ದೆ.