ಮಗುವಿನ ಫೋನಿಗೆ ಕಾವಲು ಆ್ಯಪ್ ಹಾಕುವ ಮುನ್ನ

ಮಗು ಎಷ್ಟು ಹೊತ್ತು ಫೋನ್ ಹಿಡಿದಿದೆ, ಯಾವ ಆ್ಯಪ್ ಇಳಿಸಿಕೊಂಡಿದೆ, ಟ್ಯೂಷನ್ ಮುಗಿಸಿ ಎಲ್ಲಿಗೆ ಬಂತು? ಬಹುತೇಕ ಮನೆಗಳಿಗೆ ಬೇಕಾದ ಮಾಹಿತಿ ಇಷ್ಟೇ. ಇದಕ್ಕೆ ಆಂಡ್ರಾಯ್ಡ್‌ನಲ್ಲಿ ಗೂಗಲ್ ಫ್ಯಾಮಿಲಿ ಲಿಂಕ್ ಸಾಕು. ಐಫೋನಿನಲ್ಲಿ ಸ್ಕ್ರೀನ್ ಟೈಮ್ ಮತ್ತು ಫ್ಯಾಮಿಲಿ ಶೇರಿಂಗ್. ದುಡ್ಡು ಕೊಡಬೇಕಿಲ್ಲ, ಮಗುವಿನ ಮೆಸೇಜುಗಳನ್ನು ಅವು ನಿಮಗೆ ತೋರಿಸುವುದೂ ಇಲ್ಲ. ಐಫೋನಿನ ಕಮ್ಯುನಿಕೇಷನ್ ಸೇಫ್ಟಿ ನಗ್ನ ಚಿತ್ರಗಳನ್ನು ಫೋನಿನೊಳಗೇ ಪತ್ತೆಹಚ್ಚಿ ಮಸುಕು ಮಾಡುತ್ತದೆ. ಚಿತ್ರ ಆ್ಯಪಲ್‌ಗೆ ಹೋಗುವುದಿಲ್ಲ.

'ವಾಟ್ಸಾಪ್ ಚಾಟ್, ಕರೆ, ಫೋಟೊ ಎಲ್ಲ ನೋಡಿ' ಎಂದು ಕರೆಯುವ ಆ್ಯಪ್‌ಗಳು ಕಂಡದ್ದನ್ನೆಲ್ಲ ತಮ್ಮ ಸರ್ವರಿಗೆ ಸಾಗಿಸುತ್ತವೆ. ಅಮೆರಿಕದ ಟೀನ್‌ಸೇಫ್ ಆ್ಯಪಿನ ಸರ್ವರ್ 2018ರಲ್ಲಿ ಕಾವಲಿಲ್ಲದೆ ತೆರೆದುಬಿದ್ದಾಗ, ಮಕ್ಕಳ ಆ್ಯಪಲ್ ಐಡಿಗಳ ಪಾಸ್‌ವರ್ಡ್‌ಗಳು ಯಾವ ಗೂಢಲಿಪಿಯೂ ಇಲ್ಲದೆ ಇದ್ದ ಹಾಗೇ ಓದಲು ಸಿಗುತ್ತಿದ್ದವು. ಆ ಆ್ಯಪ್ ನಡೆಯಲು ಎರಡು ಹಂತದ ಪರಿಶೀಲನೆಯನ್ನು (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ಏರ್ಪಾಡು) ಆಫ್ ಮಾಡಿಡಬೇಕಿತ್ತು. ಹಾಗಾಗಿ ಖಾತೆಗೆ ನುಗ್ಗಲು ಪಾಸ್‌ವರ್ಡೊಂದೇ ಸಾಕಿತ್ತು.

ಆದರೂ ಬೇರೆ ಆ್ಯಪ್ ಬೇಕೆನಿಸಿದರೆ ಪ್ಲೇ ಸ್ಟೋರಿನಿಂದಲೇ ತೆಗೆದುಕೊಳ್ಳಿ. ಎಪಿಕೆ (ಪ್ಲೇ ಸ್ಟೋರಿನ ಹೊರಗಿಂದ ಹಾಕುವ ಆ್ಯಪ್ ಫೈಲ್) ಕಳಿಸಿ, ಕೆಟ್ಟ ಆ್ಯಪ್ ಹಿಡಿಯುವ ಗೂಗಲ್ ಕಾವಲಾದ 'ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ' ಎಂದರೆ, ಅಥವಾ 'ಐಕಾನ್ ಕಾಣಿಸುವುದಿಲ್ಲ' ಎಂದು ಹೊಗಳಿಕೊಂಡರೆ ಅಲ್ಲಿಗೇ ಬಿಡಿ. ನಿಗಾ ಆ್ಯಪ್ ಅಡಗಿ ಕೂರುವಂತಿಲ್ಲ, ಸದಾ ನೋಟಿಫಿಕೇಷನ್ ತೋರಿಸುತ್ತಿರಬೇಕು ಎಂಬುದು ಪ್ಲೇ ಸ್ಟೋರಿನ ನಿಯಮ. ಆ್ಯಪ್ ಪುಟದ 'ಡೇಟಾ ಸೇಫ್ಟಿ' ಭಾಗದಲ್ಲಿ ಮಾಹಿತಿ ಬೇರೆಯವರ ಕೈಗೆ ಹೋಗುತ್ತದೆಯೇ, ಅಳಿಸಿ ಎಂದು ಕೇಳಬಹುದೇ ನೋಡಿ. ಅದು ಕಂಪನಿ ತಾನೇ ಬರೆದುಕೊಂಡದ್ದು, ಅಷ್ಟು ನೆನಪಿರಲಿ.

ಮುಖ್ಯ ಕೆಲಸ ಇರುವುದು ಅನುಮತಿಗಳಲ್ಲಿ. ಆ್ಯಕ್ಸೆಸಿಬಿಲಿಟಿ (ಅಂಗವಿಕಲರ ನೆರವಿಗೆಂದು ಇರುವ ಸೌಲಭ್ಯ) ಅನುಮತಿ ಕೊಟ್ಟರೆ ಪರದೆಯ ಮೇಲಿನ ಅಕ್ಷರಗಳು, ಅಂದರೆ ಮಗುವಿನ ಗೆಳೆಯರು ಬರೆದದ್ದೂ, ಆ್ಯಪಿನ ಕಣ್ಣಿಗೆ ಬೀಳುತ್ತವೆ. ಆ ಮಕ್ಕಳ ಮನೆಯವರನ್ನು ಯಾರೂ ಕೇಳಿರುವುದಿಲ್ಲ. ಬರುವ ನೋಟಿಫಿಕೇಷನ್‌ಗಳನ್ನೆಲ್ಲ ಓದಲು ಬಿಡುವ ನೋಟಿಫಿಕೇಷನ್ ಆ್ಯಕ್ಸೆಸ್ ಇನ್ನೊಂದು ಬಲೆ: ಮಗುವಿನ ಫೋನಿನಲ್ಲಿ ಅಮ್ಮನ ಬ್ಯಾಂಕಿಗೆ ಜೋಡಿಸಿದ ಸಿಮ್ ಇದ್ದರೆ ಒಟಿಪಿಯೂ ಆ ದಾರಿಯಲ್ಲೇ ಹೋಗಬಹುದು. ಆಂಡ್ರಾಯ್ಡ್ 15ರಲ್ಲಿ ಒಟಿಪಿಯನ್ನು ಮರೆಮಾಡುವ ಏರ್ಪಾಡಿದೆ, ಆದರೆ ಮಕ್ಕಳ ಕೈಗೆ ಬರುವುದು ಸಾಮಾನ್ಯವಾಗಿ ಮನೆಯ ಹಳೇ ಫೋನು. ಬ್ಯಾಂಕಿನ ಸಿಮ್ ತೆಗೆದು ಬೇರೆ ಹಾಕಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಒಳಗಿನ 'ಸ್ಪೆಷಲ್ ಆ್ಯಪ್ ಆ್ಯಕ್ಸೆಸ್'ನಲ್ಲಿ ನೋಟಿಫಿಕೇಷನ್ ಆ್ಯಕ್ಸೆಸ್ ಯಾರಿಗೆ ಕೊಟ್ಟಿದ್ದೀರಿ ಎಂಬುದು ಸಿಗುತ್ತದೆ, ಆ್ಯಕ್ಸೆಸಿಬಿಲಿಟಿಯದು ಸೆಟ್ಟಿಂಗ್ಸ್‌ನಲ್ಲೇ ಬೇರೆ ಪುಟದಲ್ಲಿರುತ್ತದೆ. ಕಂಪನಿಯಿಂದ ಕಂಪನಿಗೆ ಹೆಸರು ತುಸು ಬದಲಾಗುತ್ತದೆ.

ನಿಮ್ಮ ಪೋಷಕ ಖಾತೆಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್, ಎರಡು ಹಂತದ ಪರಿಶೀಲನೆ ಇಡಿ. ಅದು ಕೈತಪ್ಪಿದರೆ ಮಗು ಎಲ್ಲಿದೆಯೆಂದು ಅಪರಿಚಿತರಿಗೂ ಕಾಣುತ್ತದೆ. ಮಾಹಿತಿ ಎಷ್ಟು ದಿನ ಉಳಿಯಬೇಕು ಎಂದು ಕೇಳಿದರೆ ಅತಿ ಕಡಿಮೆಯದನ್ನೇ ಆರಿಸಿ. ಮಗುವಿಗೆ ಹೇಳಿಯೇ ಹಾಕಿ. ಕದ್ದು ಹಾಕಿದ್ದು ಗೊತ್ತಾದ ದಿನ ಮಗು ಗೆಳೆಯನ ಫೋನು ಬಳಸಲು ಶುರುಮಾಡುತ್ತದೆ.

ತೆಗೆಯುವಾಗ ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಮೊದಲು ಆ್ಯಪಿನೊಳಗೆ ಹೋಗಿ ದಾಖಲೆ, ಆಮೇಲೆ ಖಾತೆ ಅಳಿಸಿ. ಚಂದಾ ಮತ್ತು ಯುಪಿಐ ಆಟೊಪೇ ರದ್ದು ಮಾಡಿ, ಅನ್‌ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಅವು ನಿಲ್ಲುವುದಿಲ್ಲ. ಅನ್‌ಇನ್‌ಸ್ಟಾಲ್ ಬಟನ್ ಒತ್ತಲು ಬರದಿದ್ದರೆ ಸೆಟ್ಟಿಂಗ್ಸ್‌ನ 'ಡಿವೈಸ್ ಅಡ್ಮಿನ್ ಆ್ಯಪ್ಸ್'ನಲ್ಲಿ ಆ ಆ್ಯಪನ್ನು ಆಫ್ ಮಾಡಿ. ಸರ್ವರಿನಲ್ಲಿ ಉಳಿದ ಮಾಹಿತಿ ಅಳಿಸಲು ಕಂಪನಿಗೆ ಇಮೇಲ್ ಬರೆದು ಆ ಇಮೇಲಿನ ಪ್ರತಿ ಇಟ್ಟುಕೊಳ್ಳಿ. ವೈಯಕ್ತಿಕ ಮಾಹಿತಿಯ ರಕ್ಷಣೆಗಿರುವ 2023ರ ಡಿಪಿಡಿಪಿ ಕಾಯ್ದೆಯ ಪ್ರಕಾರ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಮಕ್ಕಳ ವಿಷಯದಲ್ಲಿ ತಪ್ಪಿದ ಕಂಪನಿಗೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು ನವೆಂಬರ್ 2025ರಲ್ಲಿ ಪ್ರಕಟವಾದರೂ ಕಂಪನಿಗಳ ಮೇಲಿನ ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವಿದೆ, ಅಂದರೆ ಮೇ 2027.