ಕಾಲು ಕಾಣಿಸಿದ ಮೇಲೆ ಗೆದ್ದ ‘ಟಾಪ್ ಹ್ಯಾಟ್’

“ಕಪ್ಪು-ಬಿಳುಪು, ಅದೂ ಇಂಗ್ಲಿಷು, ಅದರಲ್ಲೂ ಐದು ಹಾಡು. ಯಾರು ಕೂತು ನೋಡ್ತಾರೆ ಸ್ವಾಮಿ?” ಅಂತ ನಕ್ಕಿದ್ದವರೇ ಹೋದ ತಿಂಗಳು ನಮ್ಮನೆ ಹಾಲ್‌ನಲ್ಲಿ ಜಾಗ ಸಾಲದೆ ಮೆಟ್ಟಿಲ ಮೇಲೆ ಕೂತು ನೋಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಿನಿಮಾ 1935ರ ‘ಟಾಪ್ ಹ್ಯಾಟ್’. ಫ್ರೆಡ್ ಆಸ್ಟೇರ್, ಜಿಂಜರ್ ರಾಜರ್ಸ್ ಅನ್ನುವ ಹಾಲಿವುಡ್ಡಿನ ಕುಣಿತದ ಜೋಡಿ. ಅರ್ವಿಂಗ್ ಬರ್ಲಿನ್ ಹಾಡುಗಳು. ಮನೆಗೆ ಹತ್ತು ಜನರನ್ನು ಕರೆದು ಹಳೇ ಸಿನಿಮಾ ತೋರಿಸುವ ಹುಚ್ಚು ಇರುವವರಿಗೆ ಹೊಸದಾಗಿ ಪರಿಚಯ ಬೇಡ.

ಮೊದಲ ಸಲ ಹದಿನಾಲ್ಕು ಜನ ಬಂದಿದ್ದರು. ಕಾಫಿ ಹೊತ್ತಿಗೆ ಉಳಿದದ್ದು ನಾನು, ಅಮ್ಮ, ಇನ್ನೊಬ್ಬರು. ಆ ಇನ್ನೊಬ್ಬರು ಗೊರಕೆ ಹೊಡೆಯುತ್ತಿದ್ದರು. ತಪ್ಪು ನನ್ನದೇ. ಪರದೆ ತುಂಬಲಿ ಅಂತ ಟಿವಿಯನ್ನು ಜೂಮ್‌ಗೆ ಹಾಕಿದ್ದೆ. ಹಳೇ ಫ್ರೇಮು ಹೆಚ್ಚುಕಮ್ಮಿ ಚೌಕ. ಜೂಮ್ ಮಾಡಿದರೆ ಮೇಲೆ ಟೋಪಿ, ಕೆಳಗೆ ಪಾದ, ಎರಡೂ ಹೋಗುತ್ತವೆ. ತಲೆಯಿಂದ ಕಾಲಿನವರೆಗೆ ಇಡೀ ಮೈ ಫ್ರೇಮಿನಲ್ಲಿ ಇರಬೇಕು, ಕಟ್ ಆದಷ್ಟೂ ಕಮ್ಮಿ ಇರಬೇಕು ಅಂತ ಹಟ ಮಾಡಿದ ಮನುಷ್ಯ ಆಸ್ಟೇರ್. ನಾನು ಕಾಲಿಲ್ಲದ ಆಸ್ಟೇರ್‌ನನ್ನು ತೋರಿಸಿ ಕಳಿಸಿದ್ದೆ!

ಎರಡನೇ ಸಲ ಪ್ರೊಜೆಕ್ಟರ್ ಬಾಡಿಗೆಗೆ ತಂದೆ. ಒಂದು ಸಂಜೆಗೆ ಸಾವಿರದ ಇನ್ನೂರೋ ಮುನ್ನೂರೋ. ಟೈಲರ್ ಹತ್ತಿರ ಬಿಳಿ ಪರದೆ ಹೊಲಿಸಿದ್ದಕ್ಕೆ ಒಂಬೈನೂರು. ಇಂಗ್ಲಿಷ್ ಸಬ್‌ಟೈಟಲ್ ಓಡುವ ವೇಗಕ್ಕೆ ಯಾರಿಗೂ ಓದಲಾಗದು ಅಂತ ಮೈಕ್ ಹಿಡಿದು ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ದೊಡ್ಡ ತಪ್ಪು. ಜೋಕು ಹೇಳುವಷ್ಟರಲ್ಲಿ ಮುಂದಿನ ಜೋಕು ಬಂದಿರುತ್ತಿತ್ತು. ಒಬ್ಬರು ಎದ್ದು ಬಂದು “ನೀವು ಸ್ವಲ್ಪ ಸುಮ್ನಿದ್ರೆ ಸಿನಿಮಾ ನೋಡ್ಬಹುದಿತ್ತು” ಅಂದರು. ಇದೂ ಅದೂ ಎಲ್ಲ ಸೇರಿ ಇಲ್ಲಿಗೆ ಏಳೆಂಟು ಸಾವಿರ ಕೈ ಬಿಟ್ಟಿತ್ತು. ಮನೆಯವಳಿಗೆ ಹೇಳಿದ ಲೆಕ್ಕ ಬೇರೆ.

ಆಮೇಲೆ ನಾನೇ ಕನ್ನಡ ಸಬ್‌ಟೈಟಲ್ ಬರೆಯಲು ಕೂತೆ. ಮೂರು ವಾರ, ರಾತ್ರಿ ಎರಡೆರಡು ಗಂಟೆ. ಸಾವಿರಕ್ಕೂ ಜಾಸ್ತಿ ಸಾಲು ಇದ್ದದ್ದನ್ನು ಏಳುನೂರರ ಹತ್ತಿರಕ್ಕೆ ಇಳಿಸಿದೆ. ಖುಷಿ ಕೊಟ್ಟದ್ದು ಬೇಟ್ಸ್ ಅನ್ನುವ ಆಳು. ಅವನು ತನ್ನೊಬ್ಬನನ್ನೇ ‘ನಾವು’ ಅಂತ ಹೇಳಿಕೊಂಡು ಮಾತಾಡುವವನು. “ನಾವು ಬೇಟ್ಸ್” ಅಂತ ಹಾಕಿದೆ, ಅಷ್ಟೇ. ಮಠದ ಸ್ವಾಮಿಗಳು ಮಾತಾಡಿದಂತಾಯಿತು, ಇಡೀ ಹಾಲ್ ನಕ್ಕಿತು. ಇಂಗ್ಲಿಷಿಗಿಂತ ಕನ್ನಡದಲ್ಲೇ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ. ಬೆಡೀನಿ ಅನ್ನುವ ಇಟಲಿಯ ದರ್ಜಿ ಹರಕು ಇಂಗ್ಲಿಷ್ ಆಡುತ್ತಾನೆ. ಅವನ ಬಾಯಲ್ಲಿ “ನಾನು ಬಂದಿದೆ, ಅವಳು ಹೋದನು” ಅಂತ ಹಾಕಿದೆ.

ಪ್ರೊಜೆಕ್ಟರಿನ ಪ್ಲೇಯರ್‌ನಲ್ಲಿ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಲ್ಯಾಪ್‌ಟಾಪ್ ಜೋಡಿಸಿ, ವಿಎಲ್‌ಸಿ ಅನ್ನುವ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಹಾಕಿದ ಮೇಲೆ ಸರಿಹೋಯಿತು. ಆದರೆ ಅಕ್ಷರ ಕೂರುವುದೆಲ್ಲಿ? ಕೆಳಗೆ, ಸರಿಯಾಗಿ ಪಾದದ ಮೇಲೆ! ಪಕ್ಕದ ಕಪ್ಪು ಪಟ್ಟಿಯಲ್ಲಿ ಹಾಕಿ ನೋಡಿದೆ. ಟೆನಿಸ್ ನೋಡಿದಂತೆ ಕುತ್ತಿಗೆ ತಿರುಗಿಸಬೇಕಾಯಿತು. ಕೊನೆಗೆ ಮಾತು ಕೆಳಗೆ, ಹಾಡು ಮೇಲೆ. ಕುಣಿತ ಶುರುವಾದ ಕ್ಷಣದಿಂದ ಒಂದಕ್ಷರವೂ ಇಲ್ಲ. ಕುಣಿತದಲ್ಲಿ ಅಕ್ಷರ ಇಲ್ಲದಿದ್ದರೆ ಅರ್ಥ ಗೊತ್ತಾಗದೆ ಜನ ಬೈತಾರೆ ಅಂತ ಕೆಲವರು ಅಂದರು. ಒಬ್ಬರೂ ಕೇಳಲಿಲ್ಲ.

ಸೌಂಡಿನದು ಇನ್ನೊಂದು ಕಥೆ. ಬೇಸ್, ಅಂದರೆ ದಪ್ಪ ಸದ್ದು, ಜಾಸ್ತಿ ಇಟ್ಟರೆ ಟ್ಯಾಪ್ ಕುಣಿತದಲ್ಲಿ ಬೂಟು ನೆಲಕ್ಕೆ ಬಡಿಯುವ ಸದ್ದು ಮೇಲಿನ ಮನೆಯಲ್ಲಿ ಒಳಕಲ್ಲಿಗೆ ಕುಟ್ಟಿದಂತೆ ಕೇಳುತ್ತದೆ. ಬೇಸ್ ಪೂರ್ತಿ ಇಳಿಸಿ. ಜೊತೆಗೆ ಇನ್ನೊಂದು ಸೆಟ್ಟಿಂಗ್ ಬದಲಿಸಿದ್ದೇನೆ, ಅದನ್ನು ಸದ್ಯಕ್ಕೆ ಹೇಳಲ್ಲ. ಇಂಟರ್ವಲ್ ಎಲ್ಲಿ ಬಿಟ್ಟೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಮಧ್ಯೆ ಒಂದು ಹುಚ್ಚಾಟ. ಕೆಳಗಿನ ರೂಮಿನಲ್ಲಿ ಮಲಗಿದ ನಾಯಕಿಗೆ ತೊಂದರೆ ಆಗದಿರಲಿ ಅಂತ ಆಸ್ಟೇರ್ ನೆಲಕ್ಕೆ ಮರಳು ಚೆಲ್ಲಿ ಮೆಲ್ಲಗೆ ಕುಣಿಯುತ್ತಾನಲ್ಲ, ಅದು ನಿಜಕ್ಕೂ ಹಾಗೆ ಕೇಳುತ್ತಾ ಅಂತ ನಾನೂ ತಂಗಿ ಮಗನೂ ಪ್ಲೈವುಡ್ ಮೇಲೆ ಎರಡು ಹಿಡಿ ಮರಳು ಹಾಕಿ ಚರ್ಮದ ಬೂಟಲ್ಲಿ ಉಜ್ಜಿ ನೋಡಿದೆವು. ಕೇಳುತ್ತೆ. ಮೊರದಲ್ಲಿ ಅಕ್ಕಿ ಕೇರಿದ ಸದ್ದು. ಮರಳು ಮಾತ್ರ ಇವತ್ತಿಗೂ ಸೋಫಾ ಕೆಳಗೆ ಸಿಗುತ್ತಿದೆ.

ಹೋದ ತಿಂಗಳು ಇಪ್ಪತ್ತೈದು ಜನ ಇದ್ದಿರಬೇಕು. ಕಥೆ ವೆನಿಸ್‌ಗೆ ಬಂತು. ನಾಯಕನೇ ತನ್ನ ಗೆಳತಿಯ ಗಂಡ ಅಂತ ನಾಯಕಿ ತಪ್ಪು ತಿಳಿದಿದ್ದಾಳೆ. ಆ ಗೆಳತಿಯೇ “ಹೋಗು, ಕುಣಿ” ಅಂತ ಅವಳನ್ನು ಅವನತ್ತ ತಳ್ಳುತ್ತಾಳೆ. ಅಮ್ಮ ಜೋರಾಗಿ “ಅಯ್ಯೋ, ಗಂಡನ್ನ ತಾನೇ ಕೊಟ್ಟು ಕಳಿಸ್ತಾಳಲ್ಲೇ!” ಅಂದರು. ಕಂಪನಿ ನಾಟಕಗಳಲ್ಲಿ ಇಂಥ ಎಷ್ಟು ಎಡವಟ್ಟು ನೋಡಿದವರೋ.

ಮುಂದಿನದು ಗರಿ ಉಡುಪಿನ ಕುಣಿತ. ಶೂಟಿಂಗ್‌ನಲ್ಲಿ ಆ ಉಷ್ಟ್ರಪಕ್ಷಿ ಗರಿಗಳು ಉದುರಿ ಉದುರಿ ಆಸ್ಟೇರ್ ಸಿಡಿಮಿಡಿಗೊಂಡಿದ್ದನಂತೆ, ಆಮೇಲೆ ಜಿಂಜರ್‌ಗೆ ಚಿನ್ನದ ಗರಿ ಕೊಟ್ಟು ರಾಜಿ ಮಾಡಿಕೊಂಡನಂತೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮುಂದೆ ಕೂತಿದ್ದ ಪಕ್ಕದ ಮನೆ ಹುಡುಗಿ ಎದ್ದು ನಿಂತು “ಅಂಕಲ್, ಗರಿ ಬಿತ್ತು!” ಅಂತ ಕೂಗಿದಳು. ಎಲ್ಲಿ, ಎಲ್ಲಿ ಅಂದರು ಎಲ್ಲರೂ. ಮೂರು ಸಲ ಹಿಂದಕ್ಕೆ ಓಡಿಸಿ ತೋರಿಸಬೇಕಾಯಿತು.